ರೂಮಿನ ಬಾಡಿಗೆಯೇ ಪೂರ್ತಿ ಖರ್ಚಲ್ಲ

ಮಾಲ್ಡೀವ್ಸ್ ರೆಸಾರ್ಟ್‌ಗಳ ಈ ಲೇಖನದಲ್ಲಿ 'ರಾತ್ರಿಗೆ 500 ಡಾಲರ್ ಇದ್ದರೆ ಸಾಕು' ಅಂತ ಬರೆದಿದ್ದೀರಿ. ಅದನ್ನು ಒಪ್ಪೋದು ಕಷ್ಟ. ಎಷ್ಟೋ ಕಡೆ ಆ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇರುತ್ತದೆ. ಅಂದರೆ 10% ಸರ್ವಿಸ್ ಚಾರ್ಜ್, ಅದರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ ಬೇರೆ. 2025ರ ಜುಲೈನಿಂದ ಈ ತೆರಿಗೆ 17% ಆಗಿದೆ. ಲೆಕ್ಕ ಹಾಕಿ ನೋಡಿ, 500 ಡಾಲರ್ 643 ದಾಟುತ್ತದೆ. ಇದಲ್ಲದೆ ರೆಸಾರ್ಟ್‌ನಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಗ್ರೀನ್ ಟ್ಯಾಕ್ಸ್.

ಇನ್ನು ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದ ವಿಚಾರ ನೀವು ಬರೆದೇ ಇಲ್ಲ. ದೂರದ ದ್ವೀಪಗಳಿಗೆ ಹೋಗಿಬರಲು ಒಬ್ಬರಿಗೇ ನೂರಾರು ಡಾಲರ್ ಆಗುತ್ತದೆ. ಅದೂ ಹಗಲಲ್ಲಿ ಮಾತ್ರ ಹಾರುತ್ತದೆ. ನಾವು ರಾಜಧಾನಿ ಮಾಲೆಯಲ್ಲಿ ಇಳಿದಾಗ ಸಂಜೆ ಐದು ಗಂಟೆ. ಬುಕ್ ಮಾಡಿಕೊಟ್ಟವರು ಈ ಮಾತು ಹೇಳಿರಲಿಲ್ಲ. ಆ ರಾತ್ರಿ ಏರ್‌ಪೋರ್ಟ್ ಹತ್ತಿರದ ಹುಲ್‌ಹುಮಾಲೆ ದ್ವೀಪದ ಹೋಟೆಲಿನಲ್ಲಿ ಕಳೆದೆವು. ರೆಸಾರ್ಟ್‌ಗೆ ಕಟ್ಟಿದ್ದ ಒಂದು ರಾತ್ರಿಯ ದುಡ್ಡು ಸುಮ್ನೆ ಹೋಯಿತು. ಅಮ್ಮ ಮೊದಲ ಸಲ ವಿದೇಶಕ್ಕೆ ಬಂದಿದ್ದರು, ಅವರ ಮುಖ ನೋಡಿ ತುಂಬಾ ಬೇಜಾರಾಯಿತು.

ಮರುದಿನ ಕಂಡ ಆ ನೀಲಿ ನೀರು, ಮೆಟ್ಟಿಲು ಇಳಿದರೆ ಸಿಗುವ ಹವಳದ ದಿಬ್ಬ, ಅದರ ಸುತ್ತ ಬಣ್ಣದ ಮೀನುಗಳು, ಇದರ ಬಗ್ಗೆ ನೀವು ಬರೆದ ಪ್ರತಿ ಮಾತೂ ನಿಜ. ಆದರೆ ಉಳಿತಾಯದ ಹಣದಲ್ಲಿ ಹೋಗುವವರು ಇದನ್ನು ಓದುತ್ತಾರೆ, ಅಲ್ವಾ? ದಯವಿಟ್ಟು ಪೂರ್ತಿ ಲೆಕ್ಕ ಸೇರಿಸಿ. ಮಾಫುಶಿಯಂಥ, ಅಲ್ಲಿನ ಜನರೇ ವಾಸಿಸುವ ದ್ವೀಪಗಳಲ್ಲಿ ಕಡಿಮೆ ಬೆಲೆಯ ಗೆಸ್ಟ್‌ಹೌಸ್‌ಗಳೂ ಇವೆ ಅಂತ ಒಂದು ಸಾಲು ಬರೆಯಿರಿ.