ಹಳದಿ ಜರ್ಸಿ, ಕೆಂಪು ಮುಖ

ಸೈಕಲ್ ರೇಸ್ ಹುಚ್ಚಿನವರ ಮನೆಯಲ್ಲಿ ಜುಲೈ ತಿಂಗಳು ಶಾಂತಿ ಇರುವುದಿಲ್ಲ. ಟೂರ್ ದ ಫ್ರಾನ್ಸ್ ಅಂದರೆ ದಿನಕ್ಕೊಂದರಂತೆ 21 ಹಂತ, ನಡುವೆ ಎರಡು ದಿನ ಬಿಡುವು, ಒಟ್ಟು 23 ದಿನ. ಎಲ್ಲ ಹಂತ ಸೇರಿ ಒಟ್ಟು ಸಮಯ ಯಾರದ್ದು ಕಡಿಮೆಯೋ ಅವನಿಗೆ ಹಳದಿ ಜರ್ಸಿ. ಬಿಡುವು ಸೈಕಲ್ ತುಳಿಯುವವರಿಗೆ ಮಾತ್ರ. ನೋಡುವವರಿಗೆ ಆ ಎರಡು ದಿನವೇ ಜಗಳ ಜಾಸ್ತಿ. ಟಿವಿಯಲ್ಲಿ ಏನೂ ಇರುವುದಿಲ್ಲ, ಬಾಯಿ ಖಾಲಿ ಇರುತ್ತದೆ ಅಲ್ವಾ?

ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಬ್ಬೊಬ್ಬ ಸವಾರನ ಪಕ್ಷ. ಭಾವ ಪೊಗಾಚರ್ ಕಡೆ. ನಾನು ವಿಂಗೆಗೋರ್ ಕಡೆ. ಚಿಕ್ಕಪ್ಪ ಇಂದಿಗೂ ರೋಗ್ಲಿಚ್ ಕಡೆ. 2020ರ ಗಾಯ ಅವರಿಗೆ ಇನ್ನೂ ಮಾಗಿಲ್ಲ. ಅವತ್ತು ಕೊನೆಯ ಹಿಂದಿನ ದಿನದ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ ಹಂತ. ರೋಗ್ಲಿಚ್ 57 ಸೆಕೆಂಡ್ ಮುಂದಿದ್ದ. ಇನ್ನೇನು ರೇಸ್ ಮುಗಿಯುವ ಪ್ಯಾರಿಸ್ ಬಂತು ಅನ್ನುವಾಗ ಲಾ ಪ್ಲಾಂಶ್ ದೆ ಬೆಲ್ ಫೀಯ್ ಅನ್ನುವ ಏರಿನಲ್ಲಿ ಪೊಗಾಚರ್ ಅದನ್ನೆಲ್ಲ ತಿಂದು ಹಾಕಿದ. ಕೊನೆಗೆ 59 ಸೆಕೆಂಡಿನಿಂದ ಗೆದ್ದೂ ಬಿಟ್ಟ. ಸೋತದ್ದು ಯಾಕೆ ಅಂತ ಚಿಕ್ಕಪ್ಪನನ್ನು ಕೇಳಿದರೆ ಒಂದೇ ಉತ್ತರ: "ಹೆಲ್ಮೆಟ್ ಸೊಟ್ಟಗಾಗಿತ್ತು."

ಅವರ ಲೆಕ್ಕದಲ್ಲಿ ಈ ಆಟದ ಇತಿಹಾಸವೆಲ್ಲ ತಲೆಯ ಮೇಲೆಯೇ ನಡೆದಿದೆ. 1989ರಲ್ಲಿ ಫಿನ್ಯೋನ್ ಕೊನೆಯ ದಿನಕ್ಕೆ 50 ಸೆಕೆಂಡ್ ಮುಂದಿದ್ದು, ಲೆಮಾಂಡ್ ಎದುರು 8 ಸೆಕೆಂಡಿಗೆ ಸೋತ. ಮೂರು ಸಾವಿರ ಚಿಲ್ಲರೆ ಕಿಲೋಮೀಟರ್ ತುಳಿದು ಎಂಟೇ ಎಂಟು ಸೆಕೆಂಡ್! ಲೆಮಾಂಡ್ ಗಾಳಿ ಸೀಳುವ ಹೆಲ್ಮೆಟ್ ಹಾಕಿದ್ದ, ಹ್ಯಾಂಡಲಿಗೆ ಹೊಸ ನಮೂನೆಯ ಬಾರ್ ಕಟ್ಟಿದ್ದ. ಫಿನ್ಯೋನ್ ಬರಿತಲೆಯಲ್ಲಿ ಜುಟ್ಟು ಹಾರಿಸಿಕೊಂಡು ಹೋದ. ಆ ಬಾರ್ ಬಗ್ಗೆ, ಫಿನ್ಯೋನನಿಗೆ ಸೀಟಿನ ಮೇಲೆ ಕೂರಲಾಗದಂತೆ ಆಗಿದ್ದ ಹುಣ್ಣಿನ ಬಗ್ಗೆ ನಾವು ಬಾಯಿ ತೆಗೆದರೆ ಚಿಕ್ಕಪ್ಪ ಕೈ ಎತ್ತಿ ನಿಲ್ಲಿಸುತ್ತಾರೆ. "ಜುಟ್ಟು ಕತ್ತರಿಸಿದ್ದರೆ ಗೆಲ್ತಿದ್ದ. ಮುಗೀತು."

ನಾಲ್ಕನೆಯವಳು ಅಕ್ಕ. ಅವಳಿಗೆ ಯಾವ ಪಕ್ಷವೂ ಇಲ್ಲ, ಪ್ರಶ್ನೆಗಳು ಮಾತ್ರ. ಒಂದು ಸಂಜೆ ಕೇಳಿದಳು: "ಹಳದಿ ಜರ್ಸಿಯವನೇ ಮೊದಲನೆಯವನಾದರೆ ಅಷ್ಟು ಜನರ ಮಧ್ಯೆ ಯಾಕೆ ಅವಿತುಕೊಂಡಿದ್ದಾನೆ? ಮುಂದೆ ಹೋಗುತ್ತಿರುವ ಆ ನಾಲ್ಕು ಜನ ಯಾರು?"

ಭಾವ ಉತ್ಸಾಹದಿಂದ ಎದ್ದು ನಿಂತರು. ಆ ನಾಲ್ವರು ಒಟ್ಟು ಸಮಯದಲ್ಲಿ ಎಷ್ಟೋ ಹಿಂದಿದ್ದಾರೆ, ಅವರು ಇವತ್ತಿನ ಹಂತ ಗೆದ್ದರೂ ಹಳದಿ ಜರ್ಸಿಗೆ ಏನೂ ಆಗುವುದಿಲ್ಲ ಅಂದರು. ಆಮೇಲೆ ಗಾಳಿಯ ಪಾಠ. ಮುಂದಿರುವವನು ಗಾಳಿಗೆ ಎದೆ ಕೊಡುತ್ತಾನೆ, ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಎಷ್ಟೋ ಶ್ರಮ ಉಳಿಯುತ್ತದೆ, ಅದಕ್ಕೇ ಒಂದೊಂದು ಟೀಮಿನಲ್ಲಿ ಎಂಟು ಜನ, ಏಳು ಜನ ಒಬ್ಬನಿಗಾಗಿ ದುಡಿಯುತ್ತಾರೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. "ತೋರಿಸ್ತೀನಿ ಬಾ" ಅಂದು ನನ್ನನ್ನು ಮುಂದೆ ನಿಲ್ಲಿಸಿ, ತಾವು ಬೆನ್ನಿಗೆ ಅಂಟಿ, ತಮ್ಮ ಹಿಂದೆ ಚಿಕ್ಕಪ್ಪನನ್ನೂ ಸೇರಿಸಿಕೊಂಡು ಹಾಲ್ ಸುತ್ತ ಓಡಿಸತೊಡಗಿದರು. ಮೂವರೂ ಬಗ್ಗಿಕೊಂಡು, ಇಲ್ಲದ ಹ್ಯಾಂಡಲ್ ಹಿಡಿದುಕೊಂಡು ಎರಡನೇ ಸುತ್ತಿಗೆ ಬರುವಾಗ ಕಾಮೆಂಟರಿಯವನು ದಿಢೀರನೆ ಕಿರುಚಿದ. ನಾನು ಟಿವಿ ಕಡೆ ತಿರುಗಿ ನಿಂತೆ. ಭಾವ ನನ್ನ ಬೆನ್ನಿಗೆ, ಚಿಕ್ಕಪ್ಪ ಭಾವನ ಬೆನ್ನಿಗೆ, ಮೂವರೂ ಸೇರಿ ಟೀಪಾಯಿಗೆ.

ಎದ್ದು ನೋಡಿದರೆ ಅಟ್ಯಾಕ್, ಅಂದರೆ ಗುಂಪು ಬಿಟ್ಟು ಮುಂದೆ ಚಿಮ್ಮುವುದು, ಮುಗಿದೇ ಹೋಗಿತ್ತು. ನಾಲ್ಕು ಗಂಟೆಯಿಂದ ಕಾದಿದ್ದ ಆ ಅರ್ಧ ನಿಮಿಷವನ್ನು ನಾವು ನೆಲದ ಮೇಲೆ ಕಳೆದಿದ್ದೆವು. ಯಾರು ಮೊದಲು ಬಿದ್ದದ್ದು, ಯಾರಿಂದ ಬಿದ್ದದ್ದು ಅಂತ ಹೊಸ ಜಗಳ ಶುರುವಾಯಿತು. ಅಕ್ಕ ಮಾತ್ರ ಶಾಂತವಾಗಿ ತೀರ್ಪು ಕೊಟ್ಟಳು: "ಮೂವರಿಗೂ ಒಂದೇ ಸಮಯ." ಕೊನೆಯ ಮೂರು ಕಿಲೋಮೀಟರಿನೊಳಗೆ ಬಿದ್ದರೆ ಗುಂಪಿನಲ್ಲಿದ್ದವರಿಗೆಲ್ಲ ಒಂದೇ ಸಮಯ ಕೊಡುತ್ತಾರೆ ಅನ್ನುವ ನಿಯಮವನ್ನು ಹಿಂದಿನ ದಿನವಷ್ಟೇ ಭಾವನೇ ಅವಳಿಗೆ ಕಲಿಸಿದ್ದರು.

ಮರುದಿನದಿಂದ ಭಾವ ಮೊಬೈಲ್ ಹಿಡಿದು ಕೂತರು, ಒಂದು ಕ್ಷಣವೂ ತಪ್ಪಬಾರದು ಅಂತ. ಅವರ ಮೊಬೈಲು ನಮ್ಮ ಟಿವಿಗಿಂತ ಅರ್ಧ ನಿಮಿಷ ಮುಂದೆ ಓಡುತ್ತದೆ ಅಂತ ಆಗ ಗೊತ್ತಾಯಿತು. ಟಿವಿಯಲ್ಲಿ ಎಲ್ಲರೂ ನೆಮ್ಮದಿಯಾಗಿ ತುಳಿಯುತ್ತಿರುತ್ತಾರೆ, ಇವರು ಸೋಫಾದಲ್ಲಿ "ಅಯ್ಯಯ್ಯೋ!" ಅನ್ನುತ್ತಾರೆ. ಏನಾಯ್ತು ಅಂದರೆ "ಏನಿಲ್ಲ, ನೀವು ನೋಡಿ" ಅಂತ ಮುಸಿಮುಸಿ ನಗು. ಭವಿಷ್ಯ ಗೊತ್ತಿರುವವರ ಪಕ್ಕ ಕೂತು ರೇಸ್ ನೋಡುವ ಶಿಕ್ಷೆ ಯಾವ ವೈರಿಗೂ ಬೇಡ. ಚಿಕ್ಕಪ್ಪ ಮೊಬೈಲ್ ಕಿತ್ತುಕೊಂಡು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಅದು ದಿಂಬಿನ ಕೆಳಗಿನಿಂದಲೇ ಕಿರುಚಿತು.

ಇನ್ನು ನನ್ನ ಮತ್ತು ಭಾವನ ವಾದ. ಅದು ಸೈಕಲ್ಲಿಗಿಂತ ಮೂಳೆ ಡಾಕ್ಟರಿಗೆ ಸೇರಿದ ವಿಷಯ. 2023ರಲ್ಲಿ ವಿಂಗೆಗೋರ್ 7 ನಿಮಿಷ 29 ಸೆಕೆಂಡಿನಿಂದ ಗೆದ್ದ ಅಂತ ನಾನು ಹೇಳಿದರೆ, ಭಾವ ತಕ್ಷಣ ತಮ್ಮ ಎಡಗೈ ಎತ್ತಿ ಮಣಿಕಟ್ಟು ತೋರಿಸುತ್ತಾರೆ. ಆ ವರ್ಷ ಏಪ್ರಿಲ್‌ನಲ್ಲಿ ಲಿಯೇಜ್ ರೇಸಿನಲ್ಲಿ ಬಿದ್ದು ಪೊಗಾಚರ್ ಮಣಿಕಟ್ಟು ಮುರಿದುಕೊಂಡಿದ್ದ. ಸರಿ, 2024ರಲ್ಲಿ ಪೊಗಾಚರ್ 6 ನಿಮಿಷ 17 ಸೆಕೆಂಡಿನಿಂದ ಗೆದ್ದ ಅಂತ ಅವರು ಎದೆ ಉಬ್ಬಿಸಿದರೆ, ನಾನು ನನ್ನ ಪಕ್ಕೆಲುಬು ಮುಟ್ಟಿಕೊಳ್ಳುತ್ತೇನೆ. ಬಾಸ್ಕ್ ನಾಡಿನ ರೇಸಿನಲ್ಲಿ ಬಿದ್ದ ವಿಂಗೆಗೋರ್‌ಗೆ ಕಾಲರ್ ಮೂಳೆ, ಪಕ್ಕೆಲುಬು ಮುರಿದಿದ್ದವು, ಶ್ವಾಸಕೋಶಕ್ಕೂ ಪೆಟ್ಟಾಗಿತ್ತು. ಮೂರು ತಿಂಗಳಲ್ಲಿ ಎದ್ದು ಬಂದು ಎರಡನೆಯವನಾದ. ಮಣಿಕಟ್ಟಿಗಿಂತ ಶ್ವಾಸಕೋಶ ದೊಡ್ಡದು ಅಂತ ನಾನು. "ಶ್ವಾಸಕೋಶ ಎರಡಿರುತ್ತಪ್ಪಾ" ಅಂತ ಭಾವ. "ಮಣಿಕಟ್ಟೂ ಎರಡಿರುತ್ತೆ" ಅಂತ ಅಡುಗೆಮನೆಯಿಂದ ಅಕ್ಕ.

2025ರಲ್ಲಿ ನನ್ನ ಪಾಡು ಕಷ್ಟವಾಯಿತು. ಪೊಗಾಚರ್ 4 ನಿಮಿಷ 24 ಸೆಕೆಂಡಿನಿಂದ ಗೆದ್ದ, ತೋರಿಸಲು ನನ್ನ ಹತ್ತಿರ ಒಂದು ಮೂಳೆಯೂ ಇರಲಿಲ್ಲ. ಆಗ ನಾನು ಸಜ್ಜನಿಕೆಯ ದಾರಿ ಹಿಡಿದೆ. 2022ರಲ್ಲಿ ಇಳಿಜಾರಿನಲ್ಲಿ ಪೊಗಾಚರ್ ಜಾರಿ ಬಿದ್ದಾಗ ವಿಂಗೆಗೋರ್ ನಿಧಾನ ಮಾಡಿ ಕಾದಿದ್ದ, ಇಬ್ಬರೂ ಸೈಕಲ್ ಮೇಲೆಯೇ ಕೈ ಕೈ ಹಿಡಿದುಕೊಂಡಿದ್ದರು. "ಅಂಥ ಮನುಷ್ಯ ಸೋತರೂ ಗೆದ್ದ ಹಾಗೇ" ಅಂದೆ. ಭಾವ ಒಪ್ಪಿದರು, ಸೋತದ್ದನ್ನು ಮಾತ್ರ.

ಕಾಯುವ ಮಾತು ಬಂದ ಕೂಡಲೇ ಚಿಕ್ಕಪ್ಪ 2010ನ್ನು ಎಳೆದು ತಂದರು. ಪಿರನೀಸ್ ಬೆಟ್ಟದಲ್ಲಿ ಹಳದಿ ಜರ್ಸಿಯ ಆಂಡಿ ಶ್ಲೆಕ್ ಅಟ್ಯಾಕ್ ಮಾಡುವಾಗ ಚೈನ್ ಕಳಚಿತು. ಕಾಂಟಾಡೋರ್ ಕಾಯದೆ ಮುಂದೆ ಹೋದ. ಅವತ್ತು ಅವನಿಗೆ ಸಿಕ್ಕ ಲಾಭ 39 ಸೆಕೆಂಡ್. ಪ್ಯಾರಿಸ್‌ನಲ್ಲಿ ಅವನು ಗೆದ್ದ ಅಂತರ? ಅದೂ 39 ಸೆಕೆಂಡ್! ಆಮೇಲೆ ಉದ್ದೀಪನ ಮದ್ದಿನ ಕೇಸಿನಲ್ಲಿ ಅವನ ಪಟ್ಟ ಹೋಯಿತು, 2012ರಲ್ಲಿ ಶ್ಲೆಕ್‌ಗೆ ಸೇರಿತು. ಇದು ಚಿಕ್ಕಪ್ಪನಿಗೆ ಬಲು ಇಷ್ಟದ ಕಥೆ. ತಲೆಯ ಸಂಬಂಧವೇ ಇಲ್ಲದಿದ್ದರೂ ಹೇಳುತ್ತಾರೆ.

ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಅಂದರೆ 2010ರಲ್ಲಿ ಗೆದ್ದವನು ಯಾರು ಅಂತ 2012ರಲ್ಲಿ ಗೊತ್ತಾಯ್ತಾ?"

"ಹೌದು."

"ಮತ್ತೆ ನೀವು ಮೂವರೂ ಇವತ್ತೇ ಯಾಕೆ ಕಿರುಚ್ತಾ ಇದ್ದೀರಿ?"

ಇದಕ್ಕೆ ಯಾರ ಹತ್ತಿರವೂ ಮೂಳೆ ಇರಲಿಲ್ಲ.

ಆದರೆ ಅಕ್ಕನಿಗೂ ಕೊನೆಗೆ ಹುಚ್ಚು ಹಿಡಿಯಿತು. ಅವಳು ಹಳದಿ ಜರ್ಸಿಯನ್ನು ನಮಗೇ ಬಿಟ್ಟು, ಪಟ್ಟಿಯ ಬುಡದಲ್ಲಿರುವವನನ್ನು ಹಿಡಿದಳು. ಎಲ್ಲರಿಗಿಂತ ಕೊನೆಯವನನ್ನು ಕೆಂಪು ಲಾಂದ್ರ ಅಂತಾರೆ. ರೈಲಿನ ಕೊನೆಯ ಡಬ್ಬಿಗೆ ತೂಗುಹಾಕುವ ದೀಪ ಅದು. ಕೊನೆಯವನಾಗುವುದು ಸುಲಭ ಅಂದುಕೊಳ್ಳಬೇಡಿ. ಪ್ರತಿ ದಿನವೂ ಗೆದ್ದವನ ಸಮಯದ ಮೇಲೆ ಇಷ್ಟು ಶೇಕಡಾ ಅಂತ ಗಡುವು ಇರುತ್ತದೆ. ಅದರೊಳಗೆ ಬರದಿದ್ದರೆ ಮನೆಗೆ ಕಳಿಸುತ್ತಾರೆ. ಬೆಟ್ಟದ ದಿನಗಳಲ್ಲಿ ಟಿವಿಯವರು ವಿಜೇತನ ಕೈ ಕುಲುಕುತ್ತಿದ್ದರೆ, ಅಕ್ಕ ಮೂಲೆಯಲ್ಲಿ ಓಡುವ ಗಡಿಯಾರ ನೋಡಿ ಉಗುರು ಕಚ್ಚುತ್ತಾಳೆ.

ಮೊನ್ನೆ ಏರು ಶುರುವಾದ ಕೂಡಲೇ ಪೊಗಾಚರ್ ಸೀಟಿನಿಂದ ಎದ್ದು ಚಿಮ್ಮಿದ. ಭಾವ ಸೋಫಾದ ಮೇಲೆ ನಿಂತು ಕುಣಿದರು. ಅವನು ಜೋರಾಗಿ ಹೋದಷ್ಟೂ ಕೊನೆಯವರ ಗಡುವು ಕುಗ್ಗುತ್ತಾ ಬರುತ್ತದೆ.

"ರೀ," ಅಂದಳು ಅಕ್ಕ, "ನಿಮ್ಮವನಿಗೆ ಸ್ವಲ್ಪ ನಿಧಾನ ಹೋಗೋಕೆ ಹೇಳಿ. ನಮ್ಮ ಹುಡುಗ ಇನ್ನೂ ಕೆಳಗಿದ್ದಾನೆ."