ಪೈಲಟ್‌ಗಳಿಗೆ ಸಂಘ ಯಾಕೆ ಎಂದು ಇನ್ನು ನನ್ನನ್ನು ಕೇಳಬೇಡಿ

ಕಳೆದ ಭಾನುವಾರ ರಾಜಾಜಿನಗರದಲ್ಲಿ ನಮ್ಮ ಹತ್ತಿರದ ಬಂಧುಗಳ ಮನೆಯ ಗೃಹಪ್ರವೇಶವಿತ್ತು. ಪಂಕ್ತಿಯಲ್ಲಿ ಹೋಳಿಗೆ ಬರುವ ಹೊತ್ತಿಗೆ ಎದುರು ಸಾಲಿನಲ್ಲಿದ್ದ ದೊಡ್ಡಪ್ಪ ಎಲ್ಲರಿಗೂ ಕೇಳಿಸುವಂತೆ ಶುರು ಮಾಡಿದರು. "ಅಲ್ಲಮ್ಮ, ನಿನ್ನ ಗಂಡನಂಥ ಪೈಲಟ್‌ಗಳಿಗೆ ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಬರುತ್ತದೆ. ಅಷ್ಟಾದರೂ ವಿಶ್ರಾಂತಿ ಸಾಲದು, ಸಂಬಳ ಸಾಲದು, ಸಂಘ ಬೇಕು ಎಂದು ಜನರನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತಾರೆ? ಡಿಸೆಂಬರಿನಲ್ಲಿ ನಿಮ್ಮಕ್ಕ ಕೂಸನ್ನು ಕಟ್ಟಿಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಹದಿನಾಲ್ಕು ಗಂಟೆ ನೆಲದ ಮೇಲೆ ಕೂತಿದ್ದಳು, ಗೊತ್ತೇ?" ಸಾಲಿನಲ್ಲಿದ್ದ ನಾಲ್ಕಾರು ಜನ ಹೌದೆಂದು ತಲೆಯಾಡಿಸಿದರು. ಹಿರಿಯರು, ಮೇಲಾಗಿ ಶುಭಕಾರ್ಯದ ಮನೆ. ನಾನು ತುಟಿ ಕಚ್ಚಿಕೊಂಡು ಎಲೆ ಮಡಚಿ ಎದ್ದು ಬಂದೆ. ಅಂದಿನಿಂದ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡಂತಾಗಿದೆ.

ಅಕ್ಕ ಪಟ್ಟ ಪಾಡು ಸುಳ್ಳಲ್ಲ. ಆ ಮಗುವಿಗೆ ಹಾಲು ಬಿಸಿ ಮಾಡಿಕೊಳ್ಳಲು ಆಕೆ ಎಷ್ಟು ಜನರ ಕಾಲು ಹಿಡಿದಳೆಂದು ಅವಳೇ ಫೋನಿನಲ್ಲಿ ಅಳುತ್ತಾ ಹೇಳಿದ್ದಳು. ಆದರೆ ಆ ಪಾಡಿಗೆ ಕಾರಣ ಪೈಲಟ್‌ಗಳ ಸಂಘ ಎಂದರೆ ನಾನು ಒಪ್ಪುವುದಿಲ್ಲ. ಅಂದು ಯಾರೂ ಮುಷ್ಕರ ಹೂಡಿರಲಿಲ್ಲ. ನಡೆದದ್ದು ಇಷ್ಟು. ಪೈಲಟ್‌ಗಳ ದಣಿವಿನ ಬಗ್ಗೆ ವರ್ಷಗಟ್ಟಲೆ ಕೂಗಾಟವಾದ ಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಹೊಸ ನಿಯಮ ಹೊರಡಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ಮೊದಲು ಬೆಳಗಿನ ಐದಕ್ಕೆ ಮುಗಿಯುತ್ತಿದ್ದ ರಾತ್ರಿಯ ಲೆಕ್ಕ ಆರರವರೆಗೆ ಬಂತು. ರಾತ್ರಿ ಕರ್ತವ್ಯದಲ್ಲಿ ಆರು ಸಲದವರೆಗೆ ವಿಮಾನ ಇಳಿಸಲು ಇದ್ದ ಅವಕಾಶ ಎರಡಕ್ಕೆ ಇಳಿಯಿತು. ಇದೆಲ್ಲ 2024ರ ಜೂನ್‌ನಲ್ಲೇ ಜಾರಿಯಾಗಬೇಕಿತ್ತು. ವಿಮಾನ ಸಂಸ್ಥೆಗಳು ಆಗುವುದಿಲ್ಲ ಎಂದವು, ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನವರೆಗೂ ಹೋರಾಡಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಗೆ ಬಂತು. ಅಂದರೆ ಸಿದ್ಧವಾಗಲು ಸಿಕ್ಕಿದ್ದು ಹೆಚ್ಚುಕಡಿಮೆ ಇಪ್ಪತ್ತೆರಡು ತಿಂಗಳು. ಅಷ್ಟು ಸಮಯವಿದ್ದೂ ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಳ್ಳದೆ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೊ ವಿಮಾನಗಳ ಸಂಖ್ಯೆ ಮಾತ್ರ ಏರಿಸುತ್ತಾ ಹೋಯಿತು. ಅದೇ ವರ್ಷದ ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು.

ಆಮೇಲೆ ಏನಾಯಿತು? ಅದೇ ಸಂಸ್ಥೆಗೆ ರಾತ್ರಿ ಕರ್ತವ್ಯದ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಸಿಕ್ಕಿತು. ಲೆಕ್ಕ ತಪ್ಪಿದವರಿಗೆ ರಿಯಾಯಿತಿ, ನಿದ್ದೆ ಕೇಳಿದವರಿಗೆ ಬೈಗುಳ. ದೊಡ್ಡಪ್ಪ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಇಷ್ಟು ವಿಷಯ ಅವರ ಕಣ್ಣಿಗೆ ಬೀಳಲಿಲ್ಲವೇ?

ನನ್ನ ಗಂಡ ಸಹ ಪೈಲಟ್, ಅಂದರೆ ಕ್ಯಾಪ್ಟನ್ ಪಕ್ಕ ಕೂರುವ ಎರಡನೆಯ ಪೈಲಟ್. ಯಾವ ಸಂಸ್ಥೆ ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರ ಕೆಲಸಕ್ಕೇ ಕುತ್ತು ಬರುತ್ತದೆ. ಸಹಕಾರನಗರದ ನಮ್ಮ ಮನೆಯ ಮಲಗುವ ಕೋಣೆಯ ಕಿಟಕಿಗೆ ದಪ್ಪನೆಯ ಕಪ್ಪು ಪರದೆ ಹಾಕಿಸಿದ್ದೇವೆ. ಅವರಿಗೆ ರಾತ್ರಿ ಆಗುವುದು ನಮಗೆ ಬೆಳಗಾದಾಗ. ಮೊಬೈಲಿನಲ್ಲಿ ರೋಸ್ಟರ್, ಅಂದರೆ ಕೆಲಸದ ವೇಳಾಪಟ್ಟಿ ಬರುತ್ತದೆ, ಬಂದ ಮೇಲೂ ಬದಲಾಗುತ್ತದೆ. ಸೋಮವಾರ ನಸುಕಿನ ಮೂರಕ್ಕೆ ಹೊರಡುವ ಕ್ಯಾಬ್, ಬುಧವಾರ ಸಂಜೆ ಏಳಕ್ಕೆ, ಗುರುವಾರ ನಡುರಾತ್ರಿ ಮತ್ತೆಲ್ಲಿಂದಲೋ ವಾಪಸು. ಪಕ್ಕದ ಮನೆಯವರು ಮೇಲಂತಸ್ತು ಕಟ್ಟಿಸುತ್ತಿದ್ದ ಎಂಟು ತಿಂಗಳು ಹಗಲೆಲ್ಲಾ ಗೋಡೆ ಕೊರೆಯುವ ಸದ್ದು. ಅವರನ್ನು ದೂರುವಂತಿಲ್ಲ, ಹಗಲು ಕಟ್ಟಿಸದೆ ಇನ್ನು ಯಾವಾಗ ಕಟ್ಟಿಸುತ್ತಾರೆ?

ಆ ದಿನಗಳಲ್ಲಿ ಒಮ್ಮೆ ರಾತ್ರಿ ಹಾರಾಟ ಮುಗಿಸಿ ಬಂದವರಿಗೆ ಅನ್ನ, ಸೊಪ್ಪಿನ ಹುಳಿ ಬಡಿಸಿದೆ. ತುಪ್ಪದ ಬಟ್ಟಲು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅನ್ನ ಕಲಸಿದ ಕೈ ತಟ್ಟೆಯಲ್ಲೇ ಇತ್ತು, ತಲೆ ಎದೆಯ ಮೇಲೆ ಬಿದ್ದಿತ್ತು. ಭುಜದ ಮೇಲಿನ ಪಟ್ಟಿಗಳನ್ನೂ ಬಿಚ್ಚಿರಲಿಲ್ಲ. ಎಬ್ಬಿಸಿದರೆ ನನ್ನ ಮುಖ ನೋಡಿ "ಎಷ್ಟು ಇಂಧನ ಉಳಿದಿದೆ?" ಎಂದರು. ಆ ಕೈಯನ್ನು ನಾನೇ ತೊಳೆದೆ. ಮಾರನೆಯ ರಾತ್ರಿ ಅದೇ ಕೈ ಸುಮಾರು ನೂರ ಎಂಬತ್ತು ಜನರನ್ನು ಹೊತ್ತ ವಿಮಾನವನ್ನು ಇಳಿಸಿತು. ದೊಡ್ಡಪ್ಪ, ಆ ನೂರ ಎಂಬತ್ತು ಜನರಲ್ಲಿ ನಿಮ್ಮ ಮಗಳೂ ಇರಬಹುದಿತ್ತು.

ಮಂಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ಸತ್ತರು, ಬದುಕಿದ್ದು ಎಂಟೇ ಜನ. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಮೀರಿ ನಿದ್ದೆ ಹೋಗಿದ್ದರ ಗೊರಕೆಯ ಸದ್ದಿತ್ತು. ನಿದ್ದೆಯಿಂದೆದ್ದ ಮಂಪರಿನಲ್ಲಿ ಅವರ ತೀರ್ಮಾನ ಮಂಕಾಗಿತ್ತೆಂದು ತನಿಖೆ ಮಾಡಿದವರು ಬರೆದರು. ಇಳಿಸುವುದು ಬೇಡ, ಮತ್ತೆ ಮೇಲಕ್ಕೇರೋಣ ಎಂದು ಸಹ ಪೈಲಟ್ ಒಂದಲ್ಲ, ಮೂರು ಸಲ ಹೇಳಿದ್ದರು. ನನ್ನ ಗಂಡ ಕೂರುವುದು ಆ ಸಹ ಪೈಲಟ್ ಕೂತಿದ್ದ ಬಲಗಡೆಯ ಕುರ್ಚಿಯಲ್ಲಿ. ನಸುಕಿನಲ್ಲಿ ಅವರ ವಿಮಾನ ಇಳಿಯುವ ಹೊತ್ತಿಗೆ ನಾನು ಎದ್ದು ದೇವರ ಮನೆಯ ಮುಂದೆ ಮೊಬೈಲ್ ಹಿಡಿದು ಕೂರುತ್ತೇನೆ. "ಇಳಿದೆ" ಎಂಬ ಒಂದು ಪದ ಬಂದ ಮೇಲೆಯೇ ಒಲೆ ಹಚ್ಚುವುದು.

ಸರಿ, ಸುರಕ್ಷತೆಯ ಮಾತಾದರೆ ಒಪ್ಪಬಹುದು, ಸಂಬಳಕ್ಕಾಗಿ ಯಾಕೆ ಕಿತ್ತಾಡುತ್ತಾರೆ ಎನ್ನುವವರಿದ್ದಾರೆ. ಅವರಿಗೂ ಉತ್ತರ ಕೊಡುತ್ತೇನೆ. ಸಂಬಳವನ್ನು ಸುರಕ್ಷತೆಯ ಸೆರಗಿನಲ್ಲಿ ಮುಚ್ಚಿಡುವ ಅಗತ್ಯ ನನಗಿಲ್ಲ. ಸಂಬಳ ಕೇಳುವುದು, ಕೆಲಸ ಉಳಿಸಿಕೊಳ್ಳುವುದು ತಪ್ಪೇ?

ಜಕ್ಕೂರಿನ ಮೇಲೆ ಹಾರುವ ಪುಟ್ಟ ವಿಮಾನಗಳನ್ನು ಛಾವಣಿಯಿಂದ ನೋಡುತ್ತಾ ಬೆಳೆದ ಹುಡುಗ ನನ್ನ ಗಂಡ. ಪರವಾನಗಿಗೆ 200 ಗಂಟೆ ಹಾರಾಟ ಬೇಕು, ಆಮೇಲೆ ಒಂದು ಮಾದರಿಯ ವಿಮಾನ ಹಾರಿಸಲು ಬೇರೆಯೇ ತರಬೇತಿ. ಎಲ್ಲ ಸೇರಿ ಎಂಬತ್ತೈದು ಲಕ್ಷ ಖರ್ಚಾಯಿತು. ಮಾವನವರು ಯಲಹಂಕದ ನಿವೇಶನದ ಪತ್ರ ಬ್ಯಾಂಕಿನಲ್ಲಿ ಇಟ್ಟರು, ಅದು ಇನ್ನೂ ಅಲ್ಲೇ ಇದೆ. ವರ್ಷಕ್ಕೆ ಎರಡು ಬಾರಿ ಸಿಮ್ಯುಲೇಟರ್ (ನೆಲದ ಮೇಲಿನ ಅಣಕು ಕಾಕ್‌ಪಿಟ್) ಪರೀಕ್ಷೆ, ವೈದ್ಯಕೀಯ ಪರೀಕ್ಷೆ ಬೇರೆ. ಕಿವಿಯಲ್ಲೋ ಎದೆಯಲ್ಲೋ ಒಂದು ದೋಷ ಕಂಡರೆ ಪರವಾನಗಿ ಅಮಾನತು, ಸಾಲದ ಕಂತು ಮಾತ್ರ ಅಮಾನತಾಗುವುದಿಲ್ಲ. ಸಾಫ್ಟ್‌ವೇರಿನವರಾದರೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಒಂದು ಕಂಪನಿ ಸರಿಹೋಗದಿದ್ದರೆ ಎದುರಿನ ಕಟ್ಟಡಕ್ಕೆ ಹೋಗುತ್ತಾರೆ. ಏರ್‌ಬಸ್ ಹಾರಿಸುವವರು ನಾಳೆ ಬೋಯಿಂಗ್ ಹಾರಿಸಲಾಗುವುದಿಲ್ಲ. ಬಿಟ್ಟು ಹೋಗುವುದಾದರೂ 2017ರ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಸಹ ಪೈಲಟ್ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಒಂದು ವರ್ಷ ಕಾಯುವ ಹೊಸ ಮಾಲೀಕ ಯಾರಿದ್ದಾನೆ? ಹೀಗೆ ಕೈಕಾಲು ಕಟ್ಟಿಹಾಕಿದ ಮೇಲೆ ಒಬ್ಬೊಬ್ಬರೇ ಹೋಗಿ ಆಡಳಿತ ಮಂಡಳಿಯ ಮುಂದೆ ಸಂಬಳದ ಮಾತಾಡಿ ಎಂದರೆ ಅದು ಯಾವ ನ್ಯಾಯ?

ಸಂಬಳವೂ ಹೊರಗಿನವರು ತಿಳಿದಿರುವಂತೆ ಕಲ್ಲಿನ ಮೇಲೆ ಬರೆದದ್ದಲ್ಲ. ದೊಡ್ಡ ಪಾಲು ಹಾರಿದ ಗಂಟೆಗಳ ಲೆಕ್ಕದಲ್ಲಿ ಬರುತ್ತದೆ. 2020ರಲ್ಲಿ ವಿಮಾನಗಳು ನಿಂತಾಗ ಗಂಟೆಗಳೇ ಇರಲಿಲ್ಲ. ಆ ವರ್ಷ ನಮ್ಮ ಮನೆಗೆ ಬಂದ ಹಣ ಕಂತಿಗೂ ಸಾಲಲಿಲ್ಲ. ನನ್ನ ಶಾಲೆಯ ಸಂಬಳದಲ್ಲಿ ಮನೆ ನಡೆಯಿತು, ನನ್ನ ಬಳೆಗಳು ಚಿನ್ನದ ಸಾಲಕ್ಕೆ ಹೋದವು. ಹೈಕೋರ್ಟಿಗೆ ಹೋದಂಥ ಸಂಘಗಳು ಹೊರಗೆ ಇವೆ, ಆದರೆ ನನ್ನ ಗಂಡನ ಸಂಸ್ಥೆಯೊಳಗೆ ಮಾನ್ಯತೆ ಪಡೆದ ಸಂಘ ಇರಲಿಲ್ಲ, ಈಗಲೂ ಇಲ್ಲ. ಕಡಿತದ ವಿಷಯ ಇಮೇಲಿನಲ್ಲಿ ತಿಳಿಯಿತು, ಕೇಳಲು ಬಾಗಿಲೇ ಇರಲಿಲ್ಲ. ಖಾಸಗಿ ಸಂಸ್ಥೆಗಳಲ್ಲಿ ಬಹುಪಾಲು ಕಡೆ ಇದೇ ಕಥೆ. ಇಲ್ಲದ ಸಂಘದ ಮೇಲೆ ಊರವರಿಗೆಲ್ಲ ಇಷ್ಟು ಸಿಟ್ಟು!

ಸಂಸ್ಥೆ ಮುಳುಗಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ನಮ್ಮ ಊರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತವು. ಹತ್ತು ಹನ್ನೊಂದು ವರ್ಷಗಳಲ್ಲಿ ಮೂರು ದೊಡ್ಡ ಸಂಸ್ಥೆಗಳು. ಹೊಸ ಕಡೆ ಸೇರಿದವರಿಗೆ ಹಿರಿತನದ ಪಟ್ಟಿಯಲ್ಲಿ ಮತ್ತೆ ಕೊನೆಯ ಸಾಲು. ಅಮೆರಿಕದಲ್ಲಿ ಪೈಲಟ್‌ಗಳ ಸಂಘ 1931ರಿಂದ ಇದೆ. ಅಲ್ಲಿನ ಡೆಲ್ಟಾ ವಿಮಾನ ಸಂಸ್ಥೆಯ ಪೈಲಟ್‌ಗಳು 2023ರಲ್ಲಿ ಮೇಜಿನ ಮುಂದೆ ಕೂತು ನಾಲ್ಕು ವರ್ಷಗಳಿಗೆ ಶೇ 34ರ ಏರಿಕೆ ಪಡೆದರು. ಇಲ್ಲಿ 2009ರಲ್ಲಿ ಜೆಟ್‌ನ ಪೈಲಟ್‌ಗಳು ಸಂಘ ಕಟ್ಟಲು ಹೊರಟಾಗ ಮುಂದಾಳುಗಳನ್ನು ಕೆಲಸದಿಂದಲೇ ತೆಗೆದರು. ನೂರಾರು ಜನ ಒಟ್ಟಾಗಿ ಅನಾರೋಗ್ಯದ ರಜೆ ಹಾಕಿ ಐದು ದಿನ ಹಾರದೆ ನಿಂತ ಮೇಲೆಯೇ ಅವರನ್ನು ಮರಳಿ ಸೇರಿಸಿಕೊಂಡದ್ದು. 2012ರಲ್ಲಿ ಏರ್ ಇಂಡಿಯಾ ಪೈಲಟ್‌ಗಳ 58 ದಿನಗಳ ಮುಷ್ಕರದಲ್ಲಿ ಪ್ರಯಾಣಿಕರು ನರಳಿದ್ದು ನಿಜ, ಅದನ್ನು ನಾನು ಮರೆಮಾಚುವುದಿಲ್ಲ. ಮುಷ್ಕರ ಹೂಡಿದವರ ಮನೆಯಲ್ಲೂ ಆ 58 ದಿನ ಒಲೆ ಸುಖವಾಗಿ ಉರಿಯಲಿಲ್ಲ.

ಅದು ನನಗೆ ಹೇಗೆ ಗೊತ್ತೆಂದರೆ ನಮ್ಮ ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿದ್ದವರು. 1980–81ರಲ್ಲಿ ಐಟಿಐ, ಬಿಇಎಲ್, ಎಚ್‌ಎಎಲ್, ಎಚ್‌ಎಂಟಿ, ಬಿಇಎಂಎಲ್ ಎಂಬ ಸರಕಾರಿ ಕಾರ್ಖಾನೆಗಳ ನೌಕರರು 77 ದಿನ ಒಟ್ಟಾಗಿ ನಿಂತಾಗ ಅವರಿಗೆ ಇಪ್ಪತ್ತೈದು ವರ್ಷ. ಅಜ್ಜಿಯ ಎರಡೆಳೆ ಸರ ಗಿರವಿ ಅಂಗಡಿಗೆ ಹೋಗಿ ಬಂತು. ಕೇಳಿದ್ದೆಲ್ಲಾ ಸಿಗಲಿಲ್ಲ, ಆದರೆ ಮರುದಿನ ಕಾರ್ಖಾನೆಯ ಗೇಟಿನೊಳಗೆ ತಲೆಯೆತ್ತಿ ಹೋದೆವು ಎಂದು ಅಪ್ಪ ಈಗಲೂ ಹೇಳುತ್ತಾರೆ. ಗೃಹಪ್ರವೇಶದ ಪಂಕ್ತಿಯಲ್ಲಿ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಅಣ್ಣನ ಮಾತು ಕೇಳಿ ಅವರು ಹೋಳಿಗೆಯನ್ನು ಮುಟ್ಟಲಿಲ್ಲ.

ಆ ಅಣ್ಣ, ಅಂದರೆ ದೊಡ್ಡಪ್ಪ, ಮೂವತ್ನಾಲ್ಕು ವರ್ಷ ರಾಷ್ಟ್ರೀಕೃತ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಐದೈದು ವರ್ಷಕ್ಕೊಮ್ಮೆ ನೌಕರರ ಸಂಘಗಳು ಬ್ಯಾಂಕುಗಳ ಒಕ್ಕೂಟದ ಎದುರು ಕೂತು ಮಾಡಿಕೊಳ್ಳುವ ಸಂಬಳ ಒಪ್ಪಂದದಲ್ಲಿ ಏರಿದ ಸಂಬಳ ಅವರದು. ಸಂಘ ಹೋರಾಡಿ ತಂದ ಪಿಂಚಣಿಯಿಂದಲೇ ಬಸವೇಶ್ವರನಗರದ ಮನೆ ನಡೆಯುತ್ತಿದೆ. ಮುಷ್ಕರದ ದಿನ ಬ್ಯಾಂಕಿನ ಬಾಗಿಲು ಹಾಕಿ ಅವರು ಬಾವುಟ ಹಿಡಿದಾಗ, ಚೆಕ್ ಹಿಡಿದು ಬಂದ ಬಡವನೂ ಬಿಸಿಲಲ್ಲಿ ನಿಂತಿದ್ದ. ಆಗ ಯಾರೂ ಅವರನ್ನು ಊಟದ ಎಲೆಯ ಮುಂದೆ ನಿಲ್ಲಿಸಿ ವಿಚಾರಣೆ ಮಾಡಲಿಲ್ಲ. ಸಂಘದ ನೆರಳಿನಲ್ಲಿ ಜೀವಮಾನ ಕಳೆದು, ಮನೆಯ ಅಳಿಯನಿಗೆ ಅದೇ ನೆರಳು ಬೇಡವೆನ್ನುವ ಮನಸ್ಸು ಎಲ್ಲಿಂದ ಬರುತ್ತದೋ ನನಗೆ ಅರ್ಥವಾಗುತ್ತಿಲ್ಲ. ಸಂಬಳ ಹೆಚ್ಚಾದವರ ಬೆವರು ಬೆವರಲ್ಲವೇ?

ಬರುವ ಶನಿವಾರ ದೊಡ್ಡಪ್ಪ, ದೊಡ್ಡಮ್ಮ ನಮ್ಮ ಮನೆಗೆ ಬರುತ್ತಾರಂತೆ, ಅಮ್ಮ ಫೋನ್ ಮಾಡಿದ್ದರು. ಬರಲಿ, ಅಡುಗೆ ಮಾಡಿ ಬಡಿಸುತ್ತೇನೆ, ಅಂದು ಬಾಯಿ ಮುಚ್ಚಿಕೊಂಡು ನುಂಗಿದ್ದನ್ನೆಲ್ಲ ಈ ಸಲ ಮುಖದ ಮುಂದೆಯೇ ಹೇಳುತ್ತೇನೆ. ಆದರೆ ಸಂಜೆ ಐದರ ಮೇಲೆ ಬನ್ನಿ ಎಂದಿದ್ದೇನೆ. ಶುಕ್ರವಾರ ರಾತ್ರಿ ನನ್ನ ಗಂಡನಿಗೆ ಹಾರಾಟವಿದೆ, ಶನಿವಾರ ಹಗಲು ಮಲಗಿರುತ್ತಾರೆ. ಅಲ್ಲಿಯವರೆಗೆ ಬಾಗಿಲಿನ ಗಂಟೆಯ ತಂತಿಯನ್ನು ಕಿತ್ತಿಡುತ್ತೇನೆ.