ಮಳೆ ತರಿಸಿದ ಅಣ್ಣ, ಲೇವಡಿ ಮಾಡಿದ ತಮ್ಮ

ಅಮೆರಿಕದ ವಿಡಂಬನೆ ಕಾದಂಬರಿಕಾರ ಕರ್ಟ್ ವಾನೆಗಟ್ ಅಂದ್ರೆ ಸಾಕು, ಎಲ್ರೂ ಸೀದಾ ಜರ್ಮನಿಯ ಡ್ರೆಸ್ಡನ್‌ಗೇ ಹೋಗ್ಬಿಡ್ತಾರೆ. ತಪ್ಪಲ್ಲ ಬಿಡಿ. 1945ರ ಫೆಬ್ರವರಿ 13ರ ರಾತ್ರಿ ಆ ಊರ ಮೇಲೆ ಬಾಂಬ್ ಸುರೀತಿದ್ದಾಗ ಈ ಮನುಷ್ಯ 22 ವರ್ಷದ ಅಮೆರಿಕನ್ ಯುದ್ಧಕೈದಿ, ಕಸಾಯಿಖಾನೆ ಕೆಳಗೆ ಮಾಂಸ ಇಡೋ ನೆಲಮಾಳಿಗೇಲಿ ಕೂತಿದ್ದ, ಅದಕ್ಕೇ ಉಳ್ಕೊಂಡ, ಆಮೇಲೆ ಅವಶೇಷದ ಒಳಗಿಂದ ಹೆಣ ಎಳೆಯೋ ಕೆಲಸಕ್ಕೆ ಹಚ್ಚಿದ್ರು. ಅದನ್ನ ಸ್ಲಾಟರ್‌ಹೌಸ್ ಫೈವ್ ಅಂತ ಪುಸ್ತಕ ಮಾಡೋಷ್ಟರಲ್ಲಿ 1969 ಬಂದಿತ್ತು. ಅದರಲ್ಲಿ ಸತ್ತವರು 1,35,000 ಅಂತಿದೆ, ಆ ಕಾಲಕ್ಕೆ ಓಡಾಡ್ತಿದ್ದ ಲೆಕ್ಕ, ಆಮೇಲೆ ಇತಿಹಾಸಕಾರರ ಸಮಿತಿ ಕೂತು ಹೆಚ್ಚಂದ್ರೆ 25,000 ಅಂತು. ಅಭಿಮಾನಿಗಳು ಇದನ್ನ ಹೇಳೋದೇ ಇಲ್ಲ, ಹೇಳ್ಬೇಕು ಅನ್ಸತ್ತೆ ನಂಗೆ.

ಆದ್ರೆ ನನ್ನ ತಕರಾರೇ ಬೇರೆ. ಅವನ ಬರವಣಿಗೇಲಿರೋ ದುಃಖ ಡ್ರೆಸ್ಡನ್‌ದು ಸರಿ, ಅದರ ಜೊತೆಗಿರೋ ಆ ನಗು ಎಲ್ಲಿಂದ ಬಂತು? ನನ್ನ ಕೇಳಿದ್ರೆ ಅದು ಬಂದಿದ್ದು ಒಂದು ಕಂಪನಿಯ ಪಿಆರ್ ಡಿಪಾರ್ಟ್‌ಮೆಂಟಿಂದ. 1947ರಲ್ಲಿ ಸ್ಕೆನೆಕ್ಟಡಿ ಅನ್ನೋ ಊರಲ್ಲಿ ಜನರಲ್ ಎಲೆಕ್ಟ್ರಿಕ್ ಸೇರ್ದ, ಕೆಲಸ ಅಂದ್ರೆ ಲ್ಯಾಬಲ್ಲಿ ವಿಜ್ಞಾನಿಗಳು ಏನ್ ಮಾಡ್ತಿದಾರೆ ಅಂತ ಕೇಳ್ಕೊಂಡ್ ಬಂದು ಪೇಪರ್‌ನೋರಿಗೆ ಚಂದ ಮಾಡಿ ಬರ್ಕೊಡೋದು. (ನಾನೂ ಮೂರು ವರ್ಷ ಒಂದ್ ಕಂಪನಿಗೆ ಪ್ರೆಸ್ ನೋಟ್ ಬರ್ದಿದೀನಿ. ಮೂರನೇ ತಿಂಗಳಿಗೇ ಒಂದೋ ನಗು ಬರತ್ತೆ, ಇಲ್ಲಾ ಪ್ರಮೋಷನ್ ಬರತ್ತೆ. ನಂಗೆ ಪ್ರಮೋಷನ್ ಬರ್ಲಿಲ್ಲ.)

ಅದೇ ಲ್ಯಾಬಲ್ಲಿ ಎಂಟು ವರ್ಷ ದೊಡ್ಡೋನಾದ ಅಣ್ಣ ಬರ್ನಾರ್ಡ್ ವಿಜ್ಞಾನಿ. ನಮ್ ಸರ್ಕಾರ 2003ರಲ್ಲಿ ವರುಣ ಅಂತ, 2017ರಲ್ಲಿ ವರ್ಷಧಾರಿ ಅಂತ ಮೋಡ ಬಿತ್ತನೆ ಮಾಡಿಸ್ತಲ್ಲ, ಸಿಲ್ವರ್ ಅಯೋಡೈಡ್ ಹಾಕಿದ್ರೆ ಮೋಡದ ನೀರಹನಿ ಮಂಜುಹರಳಾಗತ್ತೆ ಅಂತ 1946ರಲ್ಲಿ ಕಂಡ್ ಹಿಡ್ದಿದ್ದೇ ಈ ಬರ್ನಾರ್ಡ್. ಆ ಲ್ಯಾಬಲ್ಲಿ ದೊಡ್ಡ ತಲೆ ಅಂದ್ರೆ ನೊಬೆಲ್ ಪಡೆದಿದ್ದ ಅರ್ವಿಂಗ್ ಲ್ಯಾಂಗ್‌ಮ್ಯೂರ್. ಆಮೆ ತಲೆ ಒಳಗೆ ಎಳ್ಕೊಂಡಾಗ ಬೆನ್ನುಮೂಳೆ ಬಾಗತ್ತೋ ಕುಗ್ಗತ್ತೋ ಅಂತ ತಲೆ ಕೆಡಿಸ್ಕೊಳ್ಳೋ ಆಸಾಮಿ. ಮಾಮೂಲಿ ತಾಪದಲ್ಲೇ ಗಟ್ಟಿಯಾಗಿರೋ ಮಂಜುಗಡ್ಡೆಯ ಐಡಿಯಾನೂ ಅವನದೇ, ವಿಜ್ಞಾನ ಕಥೆಗಾರ ಎಚ್.ಜಿ. ವೆಲ್ಸ್ ಬಂದಾಗ ಕಥೆ ಮಾಡ್ಕೋ ಅಂತ ಕೊಟ್ಟಿದ್ನಂತೆ, ವೆಲ್ಸ್ ಮುಟ್ಲಿಲ್ಲ. ಇಬ್ರೂ ಸತ್ತ ಮೇಲೆ ವಾನೆಗಟ್ ಎತ್ಕೊಂಡ. ಅದೇ 1963ರ ಕ್ಯಾಟ್ಸ್ ಕ್ರೇಡಲ್, ನನ್ ಪ್ರಕಾರ ಅವನ ಬೆಸ್ಟ್.

ಅದ್ರಲ್ಲಿ ಒಬ್ಬ ಜನರಲ್ ವಿಜ್ಞಾನಿ ಹತ್ರ ಬಂದು ಅಳ್ತಾನೆ, ನಮ್ ಸೈನಿಕರು ಇನ್ನೂರು ವರ್ಷದಿಂದ ಕೆಸರಲ್ಲಿ ಹೂತ್ಕೊಂಡು ಸಾಕಾಗಿದಾರೆ, ಕೆಸರು ಗಟ್ಟಿ ಮಾಡೋಕೆ ಏನಾದ್ರೂ ಕೊಡಿ ಅಂತ. ಅವನೂ ಆ ಮಂಜುಗಡ್ಡೇನೇ ಕೂತು ಮಾಡ್ತಾನೆ, ಒಂದ್ ಚೂರು ಬಿದ್ರೆ ಸಮುದ್ರನೇ ಹೆಪ್ಪುಗಟ್ಟೋ ಅಂಥದ್ದು. ಕೆಟ್ಟ ಉದ್ದೇಶ ಯಾರಿಗೂ ಇಲ್ಲ! ಪುಸ್ತಕದ ಹೆಸರು ಬೆರಳಿಗೆ ದಾರ ಸುತ್ತಿ ಆಡೋ ಆಟದ್ದು, ಬೆಕ್ಕಿನ ತೊಟ್ಟಿಲು ಅಂತಾರೆ, ನೋಡಿದ್ರೆ ಬೆಕ್ಕೂ ಇಲ್ಲ ತೊಟ್ಟಿಲೂ ಇಲ್ಲ. ಪ್ರೆಸ್ ನೋಟ್ ಬರ್ದೋರಿಗೆ ಬಿಡಿಸಿ ಹೇಳ್ಬೇಕಾ?

ಈಗ ಕೇಳಿ. ಪುಸ್ತಕ ಬಂದು ನಾಲ್ಕೇ ವರ್ಷಕ್ಕೆ, 1967ರಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ ಮಿಲಿಟರಿ ವೈರಿಗೆ ಸರಕು ಹೋಗ್ತಿದ್ದ ಹೋ ಚಿ ಮಿನ್ ದಾರಿ ಮೇಲೆ ಗುಟ್ಟಾಗಿ ಮೋಡ ಬಿತ್ತನೆ ಶುರು ಮಾಡ್ತು, ಆಪರೇಷನ್ ಪಾಪ್‌ಐ ಅಂತ. ಮಳೆಗಾಲ ಎಳೆದು, ರಸ್ತೆ ಕೆಸರಾಗಿ, ವೈರಿ ಲಾರಿ ಹೂತ್ಕೊಳ್ಳಿ ಅಂತ. ಐದು ವರ್ಷ ನಡೀತು! ತಮ್ಮನ ಪುಸ್ತಕದಲ್ಲಿ ಕೆಸರು ಹೋಗಿಸೋಕೆ ಮದ್ದು ಕೇಳಿದ್ರೆ, ನಿಜವಾದ ಸೇನೆ ಅಣ್ಣನ ಮದ್ದು ಹಾಕಿ ಕೆಸರು ಮಾಡ್ತಾ ಇತ್ತು. ವಿಡಂಬನೆ ಬರೆಯೋನು ಇನ್ನೇನ್ ಬರೀಬೇಕು ಹೇಳಿ.

ಷಿಕಾಗೋ ಯೂನಿವರ್ಸಿಟಿ ಮಾನವಶಾಸ್ತ್ರದಲ್ಲಿ ಅವನ ಥೀಸಿಸ್ ತಿರಸ್ಕರಿಸಿತ್ತು, 1971ರಲ್ಲಿ ಇದೇ ಕಾದಂಬರೀನ ಥೀಸಿಸ್ ಅಂತ ತಗೊಂಡು ಡಿಗ್ರಿ ಕೊಡ್ತು.

ಅಣ್ಣನೂ ಕಮ್ಮಿ ಇಲ್ಲ. ಸುಂಟರಗಾಳಿಗೆ ಕೋಳಿ ಪುಕ್ಕ ಕಿತ್ತೋಗೋದನ್ನ ನೋಡಿ ಗಾಳಿಯ ವೇಗ ಹೇಳ್ಬಹುದಾ ಅಂತ ಸೀರಿಯಸ್ಸಾಗಿ ಪೇಪರ್ ಬರ್ದಿದ್ದ. 1997ರಲ್ಲಿ ಅದಕ್ಕೆ ಇಗ್ ನೊಬೆಲ್ ಅನ್ನೋ, ನಗು ಬರಿಸೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ ಬಂತು, ಅಷ್ಟರಲ್ಲಿ ಬರ್ನಾರ್ಡ್ ತೀರ್ಕೊಂಡಿದ್ದ.